ವೋಟ್ ಹಾಕೋ ಶಾಲೆಯಲ್ಲಿ ಓದೋರು ಯಾರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವ ಒಬ್ಬರನ್ನು ನಾನು ಅಕ್ಕ ಅಂತೀನಿ. ಅವರು ನನ್ನನ್ನು ಅಕ್ಕಾರ ಅಂತಾರೆ. ಇಬ್ಬರಲ್ಲಿ ದೊಡ್ಡವರು ಯಾರು ಅಂತ ನಾವು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಕಳೆದ ವರ್ಷ, ಅಂದರೆ 2024ರಲ್ಲಿ, ದೀಪಾವಳಿ ಮುಗಿದ ವಾರ ಲಿಫ್ಟ್ ಹತ್ತಿರ ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತು ಕೇಳಿದರು: "ಅಕ್ಕಾರ, ಟಿಸಿ ಇಲ್ಲಂದ್ರ ಸಾಲಿಗೆ ಹಚ್ಚಿಕೊಳ್ಳಂಗಿಲ್ಲೇನ್ರಿ?"

ಅವರ ಊರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಗಂಡ ಬೆಂಗಳೂರಲ್ಲಿ ಗೌಂಡಿ ಕೆಲಸ ಮಾಡ್ತಾರೆ. ಮಗಳನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟಿದ್ದರು, ಎಂಟನೇ ಕ್ಲಾಸು. ಅಜ್ಜಿ ಹಾಸಿಗೆ ಹಿಡಿದು ಚಿಕ್ಕಪ್ಪನ ಮನೆ ಸೇರಿದ ಮೇಲೆ ಹುಡುಗಿಯನ್ನು ಇಲ್ಲಿಗೆ ಕರ್ಕೊಂಡು ಬಂದರು. ಹತ್ತಿರದ ಒಂದು ಶಾಲೆಯಲ್ಲಿ ಕೇಳಿದಾಗ "ಟಿಸಿ ತಗೊಂಡು ಬನ್ನಿ" ಅಂದರಂತೆ. ಟಿಸಿ ತರಬೇಕು ಅಂದರೆ ಊರಿಗೆ ಹೋಗಬೇಕು. ಊರಿಗೆ ಹೋದರೆ ಮೂರು ದಿನದ ಸಂಬಳ ಹೋಗುತ್ತೆ. ಹುಡುಗಿ ಎರಡು ವಾರದಿಂದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಕೂತಿದ್ದಳು.

ನಾನು ಫೋನ್ ತೆಗೆದು ಹುಡುಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ: ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಅನ್ನೋ ಕಾರಣಕ್ಕೆ ಯಾವ ಸರ್ಕಾರಿ ಅಥವಾ ಅನುದಾನಿತ ಶಾಲೆಯೂ ಮಗುವನ್ನು ಸೇರಿಸಿಕೊಳ್ಳೋದನ್ನ ಮುಂದೂಡೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ. ಭಾರೀ ಉತ್ಸಾಹದಲ್ಲಿ "ನಾಳೆ ನಾನೇ ಬರ್ತೀನಿ ಅಕ್ಕ" ಅಂದೆ. ಆಮೇಲೆ ಯೋಚನೆ ಬಂತು. ಎಲ್ಲಿಗೆ ಹೋಗೋದು? ನಮ್ಮ ಏರಿಯಾದಲ್ಲಿ ಸರ್ಕಾರಿ ಹೈಸ್ಕೂಲ್ ಎಲ್ಲಿದೆ?

ನಗಬೇಡಿ. ನಾಲ್ಕು ವರ್ಷದಿಂದ ದಿನಾ ಅದರ ಮುಂದೆಯೇ ಹಾದು ಆಫೀಸಿಗೆ ಹೋಗ್ತಿದ್ದೆ. 2024ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆಗೆ ಅದರೊಳಗೆ ಹೋಗಿ ವೋಟ್ ಹಾಕಿ, ಶಾಯಿ ಬೆರಳಿನ ಸೆಲ್ಫಿಯನ್ನೂ ಹಾಕಿದ್ದೆ. ನನ್ನ ತಲೆಯಲ್ಲಿ ಅದು 'ವೋಟ್ ಹಾಕೋ ಶಾಲೆ'. ಉಳಿದ ದಿನ ಅಲ್ಲಿ ಯಾರಾದರೂ ಓದ್ತಾರೆ ಅನ್ನೋದು ಹೊಳೆದೇ ಇರಲಿಲ್ಲ.

---

ಹೆಡ್‌ಮಿಸ್ ನನ್ನ ಸೆಕ್ಷನ್ 5ರ ಭಾಷಣವನ್ನು ಪೂರ್ತಿ ಕೇಳಲೇ ಇಲ್ಲ. ಹುಡುಗಿಯ ಕಡೆ ತಿರುಗಿ "ಊಟ ಆಯ್ತಾ ಪುಟ್ಟ?" ಅಂದರು. ಅವಳು ಇಲ್ಲ ಅಂತ ತಲೆಯಾಡಿಸಿದಳು. "ಮೊದಲು ಹೋಗಿ ಬಿಸಿಯೂಟಕ್ಕೆ ಕೂತ್ಕೋ, ಆಮೇಲೆ ಕ್ಲಾಸು. ಟಿಸಿ ಬರುವಾಗ ಬರ್ಲಿ." ಅಷ್ಟೇ, ದಾಖಲಾತಿ ಮುಗಿಯಿತು!

ಮುಗಿಯದೇ ಇದ್ದದ್ದು ಕಂಪ್ಯೂಟರಿನಲ್ಲಿ. ಕರ್ನಾಟಕದ ಪ್ರತಿ ಶಾಲಾ ಮಗುವಿಗೂ ಸ್ಯಾಟ್ಸ್ ಅನ್ನೋ ತಂತ್ರಾಂಶದಲ್ಲಿ ಒಂದು ನಂಬರ್ ಇರುತ್ತೆ. ಹಳೇ ಶಾಲೆಯವರು ಅದರಲ್ಲಿ ಟಿಸಿ ಕೊಟ್ಟು ಬಿಟ್ಟರೆ ಮಾತ್ರ ಹೊಸ ಶಾಲೆ ಆ ನಂಬರನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಬಹುದು. ಊರಿನ ಶಾಲೆಯವರು ಬಿಟ್ಟಿರಲಿಲ್ಲ. ಹೆಡ್‌ಮಿಸ್ ನಿಟ್ಟುಸಿರು ಬಿಟ್ಟು ನನ್ನ ಐಡಿ ಕಾರ್ಡ್ ನೋಡಿದರು. "ನೀವು ಸಾಫ್ಟ್‌ವೇರಾ? ಎಕ್ಸೆಲ್ ಬರುತ್ತಾ?"

ಎಂಟು ವರ್ಷದ ಅನುಭವಕ್ಕೆ ಇಷ್ಟು ನೇರವಾದ ಇಂಟರ್‌ವ್ಯೂ ನನಗೆ ಯಾವ ಕಂಪನಿಯಲ್ಲೂ ಆಗಿಲ್ಲ. ಆವತ್ತಿನಿಂದ ತಿಂಗಳಿಗೆ ಎರಡು ಶನಿವಾರ ಬೆಳಗ್ಗೆ ಅಲ್ಲಿ ಹೋಗಿ ಕೂರ್ತೀನಿ. ಲಾಗಿನ್ ಅವರದ್ದೇ. ಆಧಾರಿನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಎಲ್ಲಿ ತಾಳೆಯಾಗ್ತಿಲ್ಲ ಅಂತ ನಾನು ಪಕ್ಕದಲ್ಲಿ ಕೂತು ಹಾಳೆ ನೋಡಿ ಗುರುತು ಹಾಕಿ ಕೊಡೋದು. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು. ಇವೆರಡೂ ಒಂದೇ ಆಗದೆ ಸ್ಕಾಲರ್‌ಶಿಪ್ ಬರಲ್ಲ, ಈಗ ಹೊಸದಾಗಿ ಕೇಳ್ತಿರೋ 'ಅಪಾರ್' ನಂಬರೂ ಆಗಲ್ಲ.

ಆ ಹಾಳೆಗಳಲ್ಲಿ ನನಗೆ ಮೊದಲ ಸಲ ನಮ್ಮ ಏರಿಯಾ ಕಾಣಿಸಿತು.

---

ಮಾತೃಭಾಷೆ ಅನ್ನೋ ಕಾಲಂ ತಗೊಳ್ಳಿ. ತೆಲುಗು, ಉರ್ದು, ತಮಿಳು, ಹಿಂದಿ, ನೇಪಾಳಿ, ಒಡಿಯಾ. ಕನ್ನಡ ಅಂತ ಬರೆಸಿದವರಲ್ಲೂ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದ ಕಡೆಯವರು. ಅವರಲ್ಲಿ ಕೆಲವರ ಮನೆಮಾತು ಲಂಬಾಣಿ, ಕಾಲಂನಲ್ಲಿ ಮಾತ್ರ ಕನ್ನಡ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ ಅನ್ನಿ. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಆದರೆ ನಾನು ಅದನ್ನು ನನ್ನ ಆಫೀಸಿನ ಕೆಫೆಟೇರಿಯಾದಲ್ಲಿ ಮಾತ್ರ ನೋಡಿದ್ದೆ, ಸರ್ಕಾರಿ ಶಾಲೆಯ ಬೆಂಚಿನ ಮೇಲೆ ನೋಡಿರಲಿಲ್ಲ.

ತಂದೆಯ ಉದ್ಯೋಗ ಅನ್ನೋ ಕಾಲಂ ಇನ್ನೂ ಸುಲಭ, ಸಾಲು ಸಾಲಾಗಿ 'ಕೂಲಿ'. ಮಕ್ಕಳನ್ನು ಕೇಳಿದರೆ ಬೇರೆ ಪಟ್ಟಿ ಸಿಗುತ್ತೆ. ಗೌಂಡಿ, ಕಂಬಿ ಕಟ್ಟೋರು, ಪೇಂಟರ್, ಸೆಕ್ಯೂರಿಟಿ, ಇಸ್ತ್ರಿ ಗಾಡಿ, ಪಾನಿಪುರಿ ಗಾಡಿ, ಆಟೋ. ಅಮ್ಮಂದಿರು ಗಾರ್ಮೆಂಟ್ಸು, ಅಡುಗೆ, ಮನೆಗೆಲಸ. ಅಂದರೆ ನನ್ನ ಒಂದು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಯಾರ್ಯಾರ ಕೈಯಿಂದ ನಡೆಯುತ್ತೋ ಅವರೆಲ್ಲರ ಮಕ್ಕಳು ಒಂದೇ ಕಾಂಪೌಂಡಿನಲ್ಲಿ ಓದ್ತಿದ್ದಾರೆ.

ಹೊರಟುಹೋದವರು ನಾವು. ಒಂದು ಕಾಲಕ್ಕೆ ಇಂಥ ಹೈಸ್ಕೂಲುಗಳಲ್ಲಿ ಮೇಷ್ಟ್ರ ಮಕ್ಕಳೂ ಗುಮಾಸ್ತರ ಮಕ್ಕಳೂ ಅಂಗಡಿಯವರ ಮಕ್ಕಳೂ ಒಟ್ಟಿಗೆ ಓದ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೇ ನಮ್ಮಂಥ ಮನೆಗಳು ಖಾಸಗಿ ಇಂಗ್ಲಿಷ್ ಮೀಡಿಯಂ ಕಡೆ ನಡೆದವು. ನನ್ನ ಟೀಮಿನ ಕನ್ನಡದವರಲ್ಲಿ ಒಬ್ಬರ ಮಗುವೂ ಕನ್ನಡ ಮೀಡಿಯಂನಲ್ಲಿಲ್ಲ. ದೂರೋಕೆ ಹೇಳ್ತಿಲ್ಲ, ನಾಳೆ ನನಗೆ ಮಗುವಾದರೆ ನಾನೇನು ಮಾಡ್ತೀನೋ ನನಗೇ ಗ್ಯಾರಂಟಿ ಇಲ್ಲ. ಆದರೆ ನವೆಂಬರ್ ಒಂದನೇ ತಾರೀಖು ಹಳದಿ-ಕೆಂಪು ಶಾಲು ಹಾಕ್ಕೊಂಡು ಫೋಟೋ ತೆಗೆಸಿಕೊಂಡಿದ್ದವಳು, ಅದೇ ತಿಂಗಳು ಬಿಹಾರದ ಹುಡುಗನೊಬ್ಬ ಬೆರಳಿಟ್ಟು ಕನ್ನಡ ಪಾಠ ಓದೋದನ್ನ ಕೇಳಿದೆ. ಒತ್ತಕ್ಷರ ಬಂದಲ್ಲೆಲ್ಲ ಒಂದು ಸೆಕೆಂಡ್ ನಿಂತು, ಮನಸ್ಸಿನಲ್ಲೇ ಕೂಡಿಸಿ, ಮುಂದೆ ಹೋಗ್ತಿದ್ದ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಅದು ಕಾಯ್ದೆಯ ಮಾತು. ಎಂಟನೇ ಕ್ಲಾಸಿಗೆ ಬಂದ ಹುಡುಗನಿಗೆ ಅ ಆ ಇ ಈಯಿಂದ ಶುರುಮಾಡಿಸಿ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಪ್ರಬಂಧ ಬರೆಸೋದು ಆ ಕನ್ನಡ ಮೇಡಂ ಮಾಡೋ ಕೆಲಸ. ಇಂಥ ಏರಿಯಾಗಳಲ್ಲಿ ಕನ್ನಡದ ಕ್ಲಾಸನ್ನು ತುಂಬಿಸ್ತಿರೋರು ಮನೆಯಲ್ಲಿ ಕನ್ನಡ ಮಾತಾಡದ ಮಕ್ಕಳು.

---

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಎಡವಿದ್ದು ಅಲ್ಲೇ.

ದೇಶದ ಎಲ್ಲ ಶಾಲೆಗಳ ಅಂಕಿಅಂಶ ಸೇರೋದು ಯುಡೈಸ್ ಪ್ಲಸ್ ಅನ್ನೋ ವ್ಯವಸ್ಥೆಗೆ. ಮೊದಲು ಶಾಲೆಯವರು ಕ್ಲಾಸಿಗೆ ಇಷ್ಟು ಮಕ್ಕಳು ಅಂತ ಒಟ್ಟು ಸಂಖ್ಯೆ ಕೊಟ್ಟರೆ ಸಾಕಿತ್ತು. 2022-23ರಿಂದ ಪ್ರತಿ ಮಗುವಿನ ಹೆಸರು, ವಿವರ ಬೇರೆ ಬೇರೆ ಕೊಡಬೇಕು ಅಂತಾಯ್ತು. 2021-22ರಲ್ಲಿ ಸುಮಾರು 26.5 ಕೋಟಿ ಇದ್ದ ದೇಶದ ಒಟ್ಟು ದಾಖಲಾತಿ 2023-24ಕ್ಕೆ 24.8 ಕೋಟಿಗೆ ಇಳಿಯಿತು. ಒಂದೂವರೆ ಕೋಟಿಗೂ ಮೀರಿದ ವ್ಯತ್ಯಾಸ! ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಎಣಿಸೋ ವಿಧಾನ ಬದಲಾಗಿದ್ದು. ಒಂದೇ ಮಗು ಎರಡು ಕಡೆ ಲೆಕ್ಕಕ್ಕೆ ಸಿಗೋದು ತಪ್ಪಿತು.

ಡೇಟಾ ಕೆಲಸ ಮಾಡೋ ಯಾರಿಗಾದರೂ ಇದು ಕಿವಿಗೆ ಇಂಪು. ಡೂಪ್ಲಿಕೇಟ್ ತೆಗೀಬೇಕು, ಅಲ್ವಾ? ಜನವರಿಯ ಒಂದು ಶನಿವಾರ ನಾನು ಎರಡೆರಡು ಕಡೆ ಹೆಸರಿದ್ದ ಮಕ್ಕಳ ಪಟ್ಟಿ ಮಾಡಿ, "ಮೇಡಂ, ಇವರದ್ದೆಲ್ಲ ಬೇರೆ ಶಾಲೆಯಲ್ಲಿ ಆಗಲೇ ದಾಖಲಾತಿ ಇದೆ, ನಮ್ಮ ಕಡೆಯಿಂದ ತೆಗೆದುಬಿಟ್ರೆ ಲೆಕ್ಕ ಕ್ಲೀನ್ ಆಗುತ್ತೆ" ಅಂದೆ. ಪಟ್ಟಿಯಲ್ಲಿ ಮೂರನೇ ಹೆಸರು ಅಕ್ಕನ ಮಗಳದ್ದು. ಅದನ್ನು ನಾನೇ ಟೈಪ್ ಮಾಡಿದ್ದೆ. ನೋಡಿಯೇ ಇರಲಿಲ್ಲ.

ಹೆಡ್‌ಮಿಸ್ ಕನ್ನಡಕ ತೆಗೆದಿಟ್ಟರು. "ಮಗು ಇಲ್ಲಿ ಕೂತಿದೆ ಕಣಮ್ಮ. ಹೆಸರು ಅಲ್ಲಿದೆ. ನೀನು ಹೆಸರನ್ನ ಇಟ್ಕೊಂಡು ಮಗೂನ ತೆಗೀತೀನಿ ಅಂತಿದೀಯಲ್ಲ."

ಯುಡೈಸ್ ಲೆಕ್ಕಕ್ಕೆ ಹಿಡಿಯೋದು ಸೆಪ್ಟೆಂಬರ್ 30ರ ಸ್ಥಿತಿಯನ್ನ. ಕಲ್ಯಾಣ ಕರ್ನಾಟಕದ ಎಷ್ಟೋ ಕುಟುಂಬಗಳು ಊರು ಬಿಡೋದು ಮುಂಗಾರಿ ಬೆಳೆ ಕೈಗೆ ಬಂದ ಮೇಲೆ, ದಸರಾ-ದೀಪಾವಳಿ ಕಳೆದು. ವಾಪಸ್ ಹೋಗೋದು ಯುಗಾದಿಗೋ ಬಿತ್ತನೆಗೋ. ನಮ್ಮ ಶಾಲಾ ವರ್ಷ ಜೂನ್‌ನಿಂದ ಏಪ್ರಿಲ್, ಅವರ ವರ್ಷ ಮಳೆಯಿಂದ ಮಳೆಗೆ. ಎರಡೂ ಕ್ಯಾಲೆಂಡರ್ ಕೂಡಲ್ಲ. ನವೆಂಬರ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೋಗುವ ಮಗು ಆ ವರ್ಷ ಇಲ್ಲಿ ತಟ್ಟೆ ಹಿಡಿದು ಕೂತಿರುತ್ತೆ, ಸಂಖ್ಯೆಯಲ್ಲಿ ಇರಲ್ಲ. ಊರಿನಲ್ಲಿ ಸಂಖ್ಯೆಯಲ್ಲಿರುತ್ತೆ, ಬೆಂಚು ಖಾಲಿ. ನಾನು ಡೂಪ್ಲಿಕೇಟ್ ಅಂದುಕೊಂಡಿದ್ದು ಆ ಹುಡುಗಿ ನಡೆದು ಬಂದ ದಾರಿ.

ಆವತ್ತೇ ಇನ್ನೊಂದು ಕಣ್ಣಿಗೆ ಬಿತ್ತು. ಫಾರಂ ಜೊತೆ ಅಕ್ಕನ ಆಧಾರ್ ಜೆರಾಕ್ಸ್ ಇತ್ತು. ಹುಟ್ಟಿದ ವರ್ಷ 1995. ನನ್ನದೂ ಅದೇ. ನಾನು ಫಸ್ಟ್ ಪಿಯುಸಿಯಲ್ಲಿ ಸಿಇಟಿ ಕೋಚಿಂಗ್ ಅಂತ ಓಡಾಡ್ತಿದ್ದ ವರ್ಷ ಅವರಿಗೆ ಈ ಮಗಳು ಹುಟ್ಟಿದ್ದಾಳೆ.

---

ಕರ್ನಾಟಕದ ಹೈಸ್ಕೂಲಿನಲ್ಲಿ ಒಂದು ವಿಚಿತ್ರ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಏಳರ ತನಕ ಪ್ರೈಮರಿ, ಎಂಟರಿಂದ ಹತ್ತು ಹೈಸ್ಕೂಲು. ಆದರೆ ಶಿಕ್ಷಣ ಹಕ್ಕು ಕಾಯ್ದೆಯ ಗೆರೆ ಇರೋದು ಎಂಟನೇ ಕ್ಲಾಸಿಗೆ. ಅಂದರೆ ಆ ಗೆರೆ ಒಂದೇ ಹೈಸ್ಕೂಲಿನ ಕಾರಿಡಾರಿನ ಮಧ್ಯೆ ಹಾದುಹೋಗುತ್ತೆ. ಎಡಗಡೆ ರೂಮಿನ ಎಂಟನೇ ಕ್ಲಾಸಿನ ಮಗುವಿಗೆ ಓದೋದು ಹಕ್ಕು. ಬಲಗಡೆ ರೂಮಿನ ಒಂಬತ್ತನೇ ಕ್ಲಾಸಿನ ಮಗುವಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ, ನಾನು ಹೊಗಳಿದ ಸೆಕ್ಷನ್ 5 ಸಹ. ಬಾಲಕಾರ್ಮಿಕ ಕಾಯ್ದೆಯೂ ಅಲ್ಲೇ ಸಡಿಲ ಆಗುತ್ತೆ. 2016ರ ತಿದ್ದುಪಡಿ ನಂತರ 14 ತುಂಬದವರನ್ನು ದುಡಿಸೋದು ನಿಷಿದ್ಧ, ಮನೆಯವರ ಉದ್ಯೋಗಕ್ಕೆ ಕೈಜೋಡಿಸೋದಕ್ಕೆ ಒಂದಿಷ್ಟು ವಿನಾಯಿತಿ. 14ರಿಂದ 18ರವರನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿದ ಕೆಲಸಕ್ಕೆ ಮಾತ್ರ ಹಚ್ಚೋ ಹಾಗಿಲ್ಲ.

ಅದಕ್ಕೇ ಹೆಡ್‌ಮಿಸ್‌ಗೆ ಹತ್ತನೇ ಕ್ಲಾಸಿನ ರಿಸಲ್ಟಿನಷ್ಟೇ ಭಯ ಜೂನ್ ತಿಂಗಳ ಒಂಬತ್ತನೇ ಕ್ಲಾಸಿನ ಹಾಜರಿ. ಹುಡುಗರು ಗ್ಯಾರೇಜಿಗೋ ಹೋಟೆಲಿಗೋ ಹೋಗಿರ್ತಾರೆ. ಹುಡುಗಿಯರು ತಮ್ಮ-ತಂಗಿ ನೋಡ್ಕೊಳ್ಳೋಕೆ ನಿಂತಿರ್ತಾರೆ, ಇಲ್ಲಾ ಊರಲ್ಲಿರ್ತಾರೆ.

ಈ ಜೂನ್‌ನಲ್ಲಿ ಅಕ್ಕನ ಮಗಳೂ ಬರಲಿಲ್ಲ. ಬೇಸಿಗೆ ರಜಕ್ಕೆ ಊರಿಗೆ ಹೋದವಳು ಅಲ್ಲೇ ಉಳಿದಿದ್ದಳು. "ಹತ್ತಿ ಹೊಲ್ದಾಗ ಕಸ ತಗ್ಯಾಕ ಮಂದಿ ಸಿಗವಲ್ರಂತ ಅಕ್ಕಾರ. ಒಂದ್ ತಿಂಗ್ಳು ಇದ್ದು ಬರ್ತಾಳ." ಒಂದು ತಿಂಗಳು ಎರಡಾಯಿತು. ಆಮೇಲೆ ಒಂದು ದಿನ ಸಣ್ಣ ದನಿಯಲ್ಲಿ, "ಒಂದ್ ಕಡಿಂದ ಕೇಳಾಕ ಬಂದಿದ್ರಂತ" ಅಂದರು. ಹುಡುಗಿಗೆ ಹದಿನಾಲ್ಕು.

ನಾನು ಬಾಲ್ಯವಿವಾಹ, ಕಾನೂನು, ಸಹಾಯವಾಣಿ 1098 ಅಂತೆಲ್ಲ ಶುರುಮಾಡಿದೆ. ಅಕ್ಕ ಎದುರಾಡಲಿಲ್ಲ, ಪೊರಕೆ ಎತ್ತಿಕೊಂಡು ಹೊರಟರು. ನನಗೆ ಹೇಳಬೇಕು ಅನ್ನೋದು ಬರುತ್ತೆ, ಹೇಗೆ ಹೇಳಬೇಕು ಅನ್ನೋದು ಬರಲ್ಲ.

ಹೆಡ್‌ಮಿಸ್ ಮತ್ತು ಕನ್ನಡ ಮೇಡಂ ಒಂದು ಭಾನುವಾರ ಅವರ ಶೆಡ್ಡಿಗೇ ಹೋದರು. ನಾನೂ ಹಿಂದೆ ಹೋದೆ. ನೆಲದ ಮೇಲೆ ಕೂತು ಚಹಾ ಕುಡಿದರು. ಹೆಡ್‌ಮಿಸ್ ಹಾಜರಿ ಪುಸ್ತಕ ತಂದಿದ್ದರು. ಒಂಬತ್ತನೇ ಕ್ಲಾಸಿನ ಪುಟ ತೆಗೆದು ಅಪ್ಪನಿಗೆ ತೋರಿಸಿದರು. ಹುಡುಗಿಯ ಹೆಸರಿನ ಮುಂದೆ ಜೂನ್‌ನಿಂದ ದಿನಾ ಗೈರು ಅಂತ ಗುರುತು. "ನೋಡಪ್ಪ, ಹೆಸರು ಹೊಡೆದಿಲ್ಲ. ದಿನಾ ಕರೀತೀವಿ. ಅವಳ ಜಾಗ ಹಾಗೇ ಇದೆ." ಅಷ್ಟೇ ಹೇಳಿದ್ದು. ಅಪ್ಪ ತಲೆ ತಗ್ಗಿಸಿದರು. ಮಾತಾಡಿದ್ದು ಅಕ್ಕ, ಗಂಡನ ಕಡೆ ತಿರುಗಿ: "ನನ್ನ ಹೆಸ್ರನ್ನ ಹಿಂಗ ಯಾರೂ ಕರೀಲಿಲ್ಲ. ಏಳ್ನೇತ್ತಾ ಬಿಡಿಸಿದ್ರು, ಬಿಟ್ಟೆ."

ಆಗಸ್ಟ್ ಎರಡನೇ ವಾರ ಅಕ್ಕ ಮೂರು ದಿನ ರಜೆ ಹಾಕಿದರು. ಸಂಬಳ ಕಟ್ಟಾಯಿತು, ಶಕ್ತಿ ಯೋಜನೆಯ ಬಸ್ಸಾದ್ದರಿಂದ ಚಾರ್ಜ್ ಉಳಿಯಿತು. ನಾಲ್ಕನೇ ದಿನ ಬೆಳಗ್ಗೆ ಮಗಳ ಜೊತೆ ಬಂದಿಳಿದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟಿಸಿಯೂ ಇತ್ತು. ಆ ಶನಿವಾರ ಹೆಡ್‌ಮಿಸ್ ಹುಡುಗಿಯ ನಂಬರನ್ನು ನಮ್ಮ ಶಾಲೆಯ ಪಟ್ಟಿಗೆ ಎಳೆದುಕೊಂಡರು. ಈ ಸೆಪ್ಟೆಂಬರ್ 30ಕ್ಕೆ ಅವಳು ಒಂದೇ ಕಡೆ ಇದ್ದಳು, ಇದ್ದ ಕಡೆಯೇ ಇದ್ದಳು.

ಕತೆ ಎಲ್ಲರದ್ದೂ ಹೀಗೆ ಮುಗಿದಿಲ್ಲ. ಅದೇ ಪುಟದಲ್ಲಿ ಇನ್ನೂ ಇಬ್ಬರ ಮುಂದೆ ಗೈರು ಬೀಳ್ತಾನೇ ಇದೆ. ಒಬ್ಬ ನೇಪಾಳದ ಹುಡುಗ, ಅಪ್ಪ ಸೆಕ್ಯೂರಿಟಿ ಕೆಲಸ ಬದಲಾಯಿಸಿದ ಮೇಲೆ ಫೋನ್ ನಂಬರ್ ಸಿಗ್ತಿಲ್ಲ. ಇನ್ನೊಬ್ಬಳ ಮನೆಯವರು ಕಟ್ಟಡ ಮುಗಿದ ಮೇಲೆ ಬೇರೆ ಸೈಟಿಗೆ ಹೋಗಿದ್ದಾರೆ. ಯಾವ ಕಡೆ ಅಂತ ಗೊತ್ತಿಲ್ಲ.

---

ಈ ಅಂಕಣ ಓದ್ತಿರೋ ನಿಮ್ಮಲ್ಲಿ ತುಂಬಾ ಜನ ನನ್ನ ಥರದವರೇ, ಕ್ಯಾಬಿನಲ್ಲೋ ಮೆಟ್ರೋದಲ್ಲೋ ಫೋನ್ ಹಿಡಿದು ಓದ್ತಿರ್ತೀರಿ. ಸರ್ಕಾರಿ ಶಾಲೆ ಉದ್ಧಾರ ಮಾಡೋಣ ಬನ್ನಿ ಅಂತ ಕರೆಯಲ್ಲ, ಅದು ನನ್ನ ಕೈಲೂ ಆಗಲ್ಲ. ಒಂದೇ ಮಾತು. ಈಗ ದೀಪಾವಳಿ ಆಸುಪಾಸು, ಊರುಗಳಿಂದ ಜನ ಬರೋ ಕಾಲ. ನಿಮ್ಮ ಮನೆಗೆಲಸದವರು, ಸೆಕ್ಯೂರಿಟಿಯವರು, ಇಸ್ತ್ರಿಯವರನ್ನು ಕೇಳಿ: ಮಗು ಎಷ್ಟನೇ ಕ್ಲಾಸು? ಶಾಲೆಗೆ ಹೋಗ್ತಿದೆಯಾ? ಎಂಟರವರೆಗೆ ಟಿಸಿ ಇಲ್ಲದೆಯೂ ಸರ್ಕಾರಿ ಶಾಲೆಗೆ ಸೇರಿಸಬಹುದು ಅಂತ ಹೇಳಿ. ಆಧಾರ್ ಹೆಸರು ತಿದ್ದುಪಡಿಗೆ ಒಂದು ಅಪಾಯಿಂಟ್‌ಮೆಂಟ್ ಬುಕ್ ಮಾಡಿಕೊಡಿ, ಐದು ನಿಮಿಷದ ಕೆಲಸ. ಎಂಟು ಮುಗಿಸಿದ ಮಗು ಇದ್ದರೆ, ಬರುವ ಜೂನ್‌ನಲ್ಲಿ ಇನ್ನೊಂದು ಸಲ ಕೇಳಿ. ಆ ಎರಡನೇ ಸಲ ಕೇಳೋದನ್ನ ಮರೀಬೇಡಿ.

ಮೊನ್ನೆ ಲಿಫ್ಟ್ ಹತ್ತಿರ ಅಕ್ಕ ಸಿಕ್ಕಿದ್ದರು. ನಾವಿಬ್ಬರೂ ಒಂದೇ ವರ್ಷದವರು ಅಂತ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಹೌದೇನ್ರಿ? ಮತ್ತ ನನಗ್ಯಾಕ ಅಕ್ಕ ಅಂತೀರಿ?" ಅಂದರು.

"ನೀವು ಯಾಕೆ ಅಕ್ಕಾರ ಅಂತೀರಿ?" ಅಂದೆ.

ಅವರು ಒಂದು ಕ್ಷಣ ಯೋಚನೆ ಮಾಡಿ, "ನೀವು ಓದಿದವ್ರಲ್ರಿ" ಅಂದರು. ಬಕೆಟ್ ಎತ್ತಿಕೊಂಡು ಮುಂದಿನ ಫ್ಲೋರಿಗೆ ಹೋದರು.